ಕೂಸಿನ ಮನೆಯ ಫೋನು

ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುವುದು, ಹೊಟ್ಟಿನ ಒಲೆ ತುಂಬಿ ಹಚ್ಚುವುದು, ರೊಟ್ಟಿ ಬಡಿಯುವುದು, ಅತ್ತೆಗೆ ಬಿಸಿನೀರು, ಗಂಡ ಖಾಜಾ ಹುಸೇನನ ಡಬ್ಬಿ, ಮಗಳ ಜಡೆ, ರಾತ್ರಿ ಉಳಿದ ಪಾತ್ರೆ. ದಾವಣಗೆರೆಯ ಆನೆಕೊಂಡದಲ್ಲಿ ಬೆಳಕು ಹರಿಯುವ ಮೊದಲೇ ಖುರ್ಷೀದಾ ಇಷ್ಟನ್ನೂ ಮುಗಿಸುತ್ತಿದ್ದಳು. ಇದಕ್ಕೆಲ್ಲ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಹರಿಹರದ ಗಿರಣಿಯಲ್ಲಿ ಟೆಲಿಫೋನ್ ಆಪರೇಟರ್ ಆಗುವುದಕ್ಕೆ ಮಾತ್ರ ಮನೆಯವರೆಲ್ಲರ ಒಪ್ಪಿಗೆ ಬೇಕಾಗಿತ್ತು.

ಗಿರಣಿಯ ಯಾವ ಕೋಣೆಯಿಂದ ಹೊರಗೆ ಮಾತಾಡಬೇಕೆಂದರೂ ಅವಳನ್ನೇ ಕೇಳಬೇಕು. ಅವಳು ಟೆಲಿಫೋನ್ ಬೋರ್ಡಿಗೆ ವೈರು ಸಿಕ್ಕಿಸಿದರೆ ಲೈನು, ಇಲ್ಲದಿದ್ದರೆ ಇಲ್ಲ. ಕೆಲಸಗಾರ್ತಿಯರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಯಿಂದ ಆಯಾ ಮೈಲಮ್ಮ ಡಾಕ್ಟರಿಗೆ ಲೈನು ಕೇಳಿದಾಗ ಖುರ್ಷೀದಾ ಎರಡು ಮಾತಾಡದೆ ವೈರು ಸಿಕ್ಕಿಸುತ್ತಿದ್ದಳು. ಸಂಜೆ ಅವಳು ಮನೆಗೆ ಹೊರಟ ಮೇಲೆ ಬೋರ್ಡು ಕಾವಲುಗಾರನದು. ಅಂಥದೊಂದು ಸಂಜೆ ನೂಲಿನ ಖಾತೆಯಲ್ಲಿ ದುಡಿಯುವ ಹುಲಿಗೆಮ್ಮನ ಮಗುವಿಗೆ ಫಿಟ್ಸ್ ಬಂತು. ಮ್ಯಾನೇಜರ್ ಸಾಹೇಬರ ಅಪ್ಪಣೆ ಇಲ್ಲವೆಂದು ಕಾವಲುಗಾರ ಲೈನು ಕೊಡಲಿಲ್ಲ. ಮೈಲಮ್ಮ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯವರೆಗೆ ಓಡಿದ್ದಳು. ಮಗು ಉಳಿಯಿತು.

೧೯೮೭ರಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಬಂತು. ಯಾವ ಫೋನು ಎಲ್ಲಿಯವರೆಗೆ ಹೋಗಬಹುದೆಂದು ಅದಕ್ಕೆ ಒಮ್ಮೆ ಹೇಳಿಕೊಟ್ಟರೆ ಸಾಕು, ಆಪರೇಟರ್ ಇರಲಿ ಬಿಡಲಿ, ಅದು ಹಾಗೆಯೇ ನಡೆಯುತ್ತಿತ್ತು. ಹೇಳಿಕೊಡಲು ಬೇಕಾದ ಗುಟ್ಟಿನ ನಂಬರು ಗೊತ್ತಿದ್ದದ್ದು ಮ್ಯಾನೇಜರಿಗೆ ಮತ್ತು ಖುರ್ಷೀದಾಗೆ. ಮ್ಯಾನೇಜರು ಒಂದು ಹಾಳೆ ಬರೆದುಕೊಟ್ಟರು. ಆಫೀಸರುಗಳಿಗೆ ಪರವೂರಿನ ಎಸ್‌ಟಿಡಿ, ಅವರು ಇಸ್ಪೀಟಾಡುವ ಕ್ಲಬ್ಬಿಗೂ ಎಸ್‌ಟಿಡಿ, ಖಾತೆಗಳಿಗೆ ಊರೊಳಗಿನ ಲೋಕಲ್. ಕೂಸಿನ ಮನೆಗೆ ಗಿರಣಿಯ ಒಳಗಷ್ಟೇ.

"ಕೂಸಿನ ಮನೆಗೂ ಲೋಕಲ್ ಬೇಕಲ್ರಿ, ಸರ್."

"ಬ್ಯಾಡಮ್ಮ. ಹೆಂಗಸ್ರು ಕೂತ್ಕಂಡು ಮನೆ ಪುರಾಣ ಹೇಳ್ತಾರೆ."

"ಅಲ್ಲಿ ಮಕ್ಕಳ ಅಳು ಬಿಟ್ರೆ ಯಾವ ಪುರಾಣನೂ ಕೇಳ್ಸಲ್ರಿ."

ಅವರು ನಕ್ಕರು. "ಮೊದ್ಲು ಬರೆದಿದ್ದು ಮಾಡು. ಆಮೇಲೆ ನೋಡಾಣ."

ಊಟದ ಹೊತ್ತಿಗೆ ಮೈಲಮ್ಮ ಬಾಗಿಲಲ್ಲಿ ನಿಂತಳು. "ಏನ್ ತಂಗಿ, ಹೊಸ ಮಿಷನ್ ಅಂತೆ. ನಮಗೂ ಲೈನ್ ಐತೋ, ನಾನು ಮತ್ತೆ ಓಡ್ಬೇಕೋ?"

"ಓಡಾಕೆ ಮಂಡಿ ಎಲ್ಲಿದಾವೆ ಮೈಲಕ್ಕ?"

"ನಿನ್ ಮಂಡಿ ಸಾಲ ಕೊಡು."

ಮೈಲಮ್ಮ ನಗುತ್ತಲೇ ಹೋದಳು.

ಖುರ್ಷೀದಾ ಬಾಗಿಲು ಮುಂದೆ ಮಾಡಿಕೊಂಡು ಹಾಳೆಯಲ್ಲಿದ್ದಂತೆ ಒಂದೊಂದೇ ಫೋನಿಗೆ ಗುಂಡಿ ಒತ್ತುತ್ತ ಬಂದಳು. ಕ್ಲಬ್ಬಿಗೂ ಒತ್ತಿದಳು. ಕೊನೆಗೆ ಉಳಿದದ್ದು ಕೂಸಿನ ಮನೆ. ಇಷ್ಟು ದಿನ ಲೈನು ಅವಳ ಕೈಯ ದಯೆಯಾಗಿತ್ತು, ಅವಳು ಬಸ್ಸು ಹತ್ತಿದ ಕೂಡಲೇ ದಯೆಯೂ ಹತ್ತಿಬಿಡುತ್ತಿತ್ತು. ಅವಳು ಲೋಕಲ್ ಲೈನು ತೆರೆದಳು.

ಸುಮ್ಮನಿದ್ದರೆ ಎಷ್ಟೋ ದಿನ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿದ ದಿನ ಮಾತ್ರ ಬೈಗುಳ ಮೈಲಮ್ಮನಿಗೆ ಬೀಳುತ್ತಿತ್ತು, ಮಾರನೆಯ ದಿನ ಲೈನೂ ಹೋಗುತ್ತಿತ್ತು. ಖುರ್ಷೀದಾ ಪೆನ್ನು ತೆಗೆದು ಮ್ಯಾನೇಜರು ಬರೆದ ಸಾಲನ್ನು ಹೊಡೆದು ಹಾಕಿದಳು. ಪಕ್ಕದಲ್ಲಿ 'ಲೋಕಲ್ ಕೊಟ್ಟಿದ್ದೇನೆ, ಡಾಕ್ಟರಿಗಾಗಿ' ಎಂದು ಬರೆದು, ಪೂರ್ತಿ ಹೆಸರಿನ ಸಹಿ ಹಾಕಿ, ಹಾಳೆಯನ್ನು ಅವರ ಮೇಜಿನ ಮೇಲೆ ಎದ್ದು ಕಾಣುವಂತೆ ಇಟ್ಟು ಬಂದಳು.