ಹಿಂದೆ ಬರುವವರ ಕಾಲು

ದೊಡ್ಡಬಳ್ಳಾಪುರದ ನಮ್ಮ ಬ್ಯಾಂಡ್‌ಸೆಟ್ಟಿನಲ್ಲಿ ನನಗೆ ಡ್ರಮ್ಮು ಕಲಿಸಿದ ಮೇಷ್ಟ್ರು ಹೆಚ್ಚು ಮಾತಾಡುತ್ತಿರಲಿಲ್ಲ. ನಾನು ಬಾರಿಸುತ್ತಿರುವಾಗಲೇ ಬಂದು ಕೈಯಲ್ಲಿದ್ದ ಕಡ್ಡಿಯನ್ನು ಎಳೆಯುವರು. ಅದು ಸಲೀಸಾಗಿ ಜಾರಿ ಬರಬೇಕು. ಬಾರದಿದ್ದರೆ ಹಿಡಿತ ಬಿಗಿಯಾಯಿತೆಂದು ಅವರ ಮುಖ ಗಂಟಾಗುವುದು. ಬಾರಿಸುತ್ತ ಬಾರಿಸುತ್ತ ಲಯ ಬಿಟ್ಟು ಓಡುವುದು ನನ್ನ ಇನ್ನೊಂದು ರೋಗ. ಅದಕ್ಕೆ ಅವರದು ಒಂದೇ ಮದ್ದು: "ಕೈ ನೋಡ್ಕೋಬೇಡ ಕಣಪ್ಪಾ, ಹಿಂದೆ ಬರೋರ ಕಾಲು ನೋಡು."

ಅದು ಎರಡನೇ ಮಹಾಯುದ್ಧದ ಕಾಲ. ದೀಪಗಳಿಗೆ ಸೀಮೆಎಣ್ಣೆ ಸಿಗದೆ ಮದುವೆ ಮೆರವಣಿಗೆಗಳು ಹಗಲಲ್ಲೇ ನಡೆಯುತ್ತಿದ್ದವು. ಸೂಲಿಬೆಲೆಯ ಒಂದು ಮದುವೆಯಲ್ಲಿ ಹುಡುಗರ ಕುಣಿತ ಕಂಡು ನನ್ನ ಕೈ ಓಡಿತು. ಮದುಮಗನ ಅಜ್ಜಿ ಏದುಸಿರು ಬಿಡುತ್ತ ಹಿಂದೆಯೇ ಉಳಿದರು. ಮೇಷ್ಟ್ರು ನನ್ನ ಡ್ರಮ್ಮಿನ ಮೇಲೆ ಅಂಗೈಯಿಟ್ಟು ಸದ್ದಡಗಿಸಿ, ತಮ್ಮದನ್ನು ನಿಧಾನವಾಗಿ ಬಾರಿಸತೊಡಗಿದರು.

"ಜೋರಾಗಿ ಬಾರ್ಸಪ್ಪಾ!" ಎಂದು ಹುಡುಗರು ಕೂಗಿದರು.

"ಅಜ್ಜಿ ಬರ್ಲಿ, ತಡೀರಪ್ಪಾ," ಎಂದರು ಮೇಷ್ಟ್ರು. ಇಡೀ ಮೆರವಣಿಗೆ ಅಜ್ಜಿಯ ನಡಿಗೆಗೆ ಇಳಿಯಿತು.

ಎಷ್ಟೋ ವರ್ಷಗಳ ಮೇಲೆ ಮೇಷ್ಟ್ರ ಮೊಮ್ಮಗಳ ಮದುವೆಗೆ ನಾನೇ ಬಾರಿಸುತ್ತಿದ್ದೆ. ತಿರುಗಿ ನೋಡಿದರೆ, ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ಮೇಷ್ಟ್ರು ಬರುತ್ತಿದ್ದರು. ಕೈ ನಿಧಾನ ಮಾಡಿದೆ. ಅವರು ತಲೆಯೆತ್ತಲಿಲ್ಲ. ಕೋಲು ಮಾತ್ರ ನನ್ನ ಒಂದೊಂದು ಪೆಟ್ಟಿಗೂ ಸರಿಯಾಗಿ ನೆಲಕ್ಕೆ ಬೀಳತೊಡಗಿತು.