ಹಾಡದೇ ಬಿಟ್ಟ ಪದದ ಅರ್ಥ

ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ತೊಳೆದು ಕವುಚಿಟ್ಟು, ನಾನು ಸಿದ್ದಾಪುರದಿಂದ ಶಿರಸಿಗೆ ಹೊರಡುತ್ತೇನೆ. ತಂಗಿ ಯಲ್ಲಾಪುರದಿಂದ ಬರುತ್ತಾಳೆ. ನಮ್ಮ ಹೆಂಗಸರ ತಾಳಮದ್ದಲೆ ತಂಡದ ಅಭ್ಯಾಸ ಶಿರಸಿಯಲ್ಲಿ, ಭಾಗವತರ ಮನೆಯ ಜಗಲಿಯಲ್ಲಿ. ಶಾಲೆಯಿಂದ ನಿವೃತ್ತಳಾದ ಮೇಲೆ ಹಾಕಿಕೊಂಡ ಈ ಕ್ರಮವನ್ನು ಮದುವೆ ಮುಂಜಿಗಳಿಗಾಗಿಯೂ ನಾನು ತಪ್ಪಿಸಿಲ್ಲ.

ತಾಳಮದ್ದಲೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥ ಹೇಳುವವರು ಎದುರುಬದುರು ಕೂತು, ಆ ಪದವನ್ನು ಹಿಡಿದು ಮಾತಿನಲ್ಲೇ ಜಗಳವಾಡುತ್ತಾರೆ. ಪದ ಎಲ್ಲರಿಗೂ ಗೊತ್ತಿರುತ್ತದೆ. ಎದುರಿಗೆ ಕೂತವರು ಏನು ಕೇಳಿಯಾರು ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ತಂಗಿ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಯಲ್ಲಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಮೊದಮೊದಲು, ಅಣ್ಣನ ಅನ್ನ ಉಂಡ ತಮ್ಮ ಅಣ್ಣನನ್ನೇ ಬಿಟ್ಟು ಹೋಗಬಹುದೇ ಎಂಬಂಥ ಪ್ರಶ್ನೆ ನಾನು ಎಸೆದರೆ ಸೆರಗಿನ ತುದಿ ಸುತ್ತುತ್ತ ಕೂತುಬಿಡುತ್ತಿದ್ದಳು. ಸೋತದ್ದನ್ನು ಹೊತ್ತುಕೊಂಡೇ ಬಸ್ಸು ಹತ್ತುತ್ತಿದ್ದಳು. ವಾರವಿಡೀ ಹೊಲಿಗೆ ಯಂತ್ರ ತುಳಿಯುತ್ತ ಅದನ್ನೇ ಯೋಚಿಸಿ, ನಾನು ಒಲೆಯ ಮುಂದಿರುವ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಿದ್ದಳು.

"ಅಕ್ಕಾ, ಸಿಕ್ತು! ತಮ್ಮ ಅಣ್ಣನ ಮನೇಲಿ ಉಂಡಿದ್ದು ಹೌದು. ಆ ಅನ್ನ ಅಪ್ಪಂದು ಅಲ್ದಾ?"

"ಹಂಗಾದ್ರೆ ಅಪ್ಪನ ಮನೆ ಬಿಟ್ಟು ಹೋಪಲೆ ನೀ ಯಾರು?"

"ಥೋ ಮಾರಾಯ್ತಿ! ನಿನ್ನ ಸಂತಿಗೆ ಮಾತಾಡಿದ್ದೇ ತಪ್ಪು" ಎಂದು ಫೋನ್ ಇಡುತ್ತಿದ್ದಳು. ಮತ್ತೆ ಎರಡು ದಿನ ಬಿಟ್ಟು ಇನ್ನೊಂದು ಉತ್ತರ. ಹೀಗೆ ಸೋತು ಸೋತು, ಒಂದು ದಿನ ಅವಳು ನನ್ನನ್ನೇ ಸುಮ್ಮನೆ ಕೂರಿಸಿದಳು. ಶಾಲೆಯ ಮಕ್ಕಳು ಒಂದು ಹಂತದವರೆಗೆ ಬಂದು ದಾಟಿಹೋಗುತ್ತಾರೆ. ಒಬ್ಬಾಕೆ ಕಣ್ಣೆದುರಿಗೇ ಬೆಳೆಯುವುದನ್ನು ನಾನು ನೋಡಿದ್ದು ಅವಳಲ್ಲಿ.

ಅವಳ ಫೋನಿಗೆ ಕೃತಕ ಬುದ್ಧಿಮತ್ತೆ ಬಂದದ್ದು ಇತ್ತೀಚೆಗೆ. ರವಿಕೆ ಹೊಲಿಸಲು ಬಂದ ಗಿರಾಕಿಯೊಬ್ಬಳು ಹಾಕಿಕೊಟ್ಟಳಂತೆ. ಪ್ರಸಂಗ, ಪಾತ್ರ ಹೇಳಿದರೆ ಸಾಕು, ಅರ್ಥ ಬರೆದುಕೊಡುತ್ತದೆ. ಎದುರಿನವರು ಎತ್ತಬಹುದಾದ ಆಕ್ಷೇಪವನ್ನು ತಾನೇ ಊಹಿಸಿ ಅದಕ್ಕೆ ಉತ್ತರವನ್ನೂ ಕೊಡುತ್ತದೆ. ಬರಹ ಚೆನ್ನಾಗಿಯೇ ಇತ್ತು. ನನ್ನ ಮೇಷ್ಟ್ರ ಕಣ್ಣಿಗೆ ತಿದ್ದಲು ಹೆಚ್ಚೇನೂ ಸಿಗಲಿಲ್ಲ. ಅವಳು ಅದನ್ನು ಬಾಯಿಪಾಠ ಮಾಡತೊಡಗಿದಳು. ಅಡುಗೆ ಹೊತ್ತಿನ ಫೋನು ನಿಂತಿತು.

ಸೋಂದಾ ಹತ್ತಿರ ಒಂದು ಗೃಹಪ್ರವೇಶಕ್ಕೆ ನಮ್ಮ ತಾಳಮದ್ದಲೆ ಇತ್ತು. ಅಣ್ಣ ತಮ್ಮನನ್ನು ಮನೆಯಿಂದ ಹೊರಹಾಕುವ ಪ್ರಸಂಗ. ನಾನು ಅಣ್ಣ, ಅವಳು ತಮ್ಮ. ಊಟದ ಹೊತ್ತು ಮೀರುತ್ತಿದೆಯೆಂದು ಮನೆಯವರು ಕೈಸನ್ನೆ ಮಾಡಿದರು. ಭಾಗವತರು ನಡುವಿನ ಎರಡು ಪದಗಳನ್ನು ಹಾರಿಸಿದರು. ಅಣ್ಣ ತಮ್ಮನನ್ನು ದ್ರೋಹಿ ಎಂದು ಬೈಯುವ ಪದಗಳವು. ನೇರವಾಗಿ ಹಾಡಿದ್ದು ಅಣ್ಣನ ಮನಸ್ಸು ಕುಸಿಯುವ ಪದ. ನಾನು ಅದನ್ನೇ ಹಿಡಿದು ಕೇಳಿದೆ: "ನೀನು ಹೋಗು, ತಡೆಯುವುದಿಲ್ಲ. ಆದರೆ ನಾಳೆ ನನ್ನ ಚಿತೆಗೆ ಬೆಂಕಿ ಇಡುವವರು ಯಾರು?"

ಆ ಮಾತು ಮೊದಲೇ ಯೋಚಿಸಿಟ್ಟದ್ದಲ್ಲ. ನನಗೆ ಮಕ್ಕಳಿಲ್ಲ, ಮನೆಯಲ್ಲಿ ಬೇರೆ ಯಾರೂ ಇಲ್ಲ.

ತಂಗಿ ಎದೆಯೆತ್ತಿ ಕೂತು, ಸ್ಪಷ್ಟವಾದ ದನಿಯಲ್ಲಿ ಹೇಳಿದಳು: "ನನ್ನನ್ನು ದ್ರೋಹಿ ಎಂದೆಯಾ ಅಣ್ಣಾ? ಶತ್ರುವಿನ ಉಪ್ಪು ತಿಂದವನು ಎಂದೆಯಾ?"

ನಾನು ಹಾಗೆ ಅಂದೇ ಇರಲಿಲ್ಲ. ಭಾಗವತರ ತಾಳ ಕೈಯಲ್ಲೇ ನಿಂತಿತು. ಅವಳು ಮಾತ್ರ ನಿಲ್ಲಲಿಲ್ಲ. ಹಾಡದೇ ಬಿಟ್ಟ ಪದಕ್ಕೆ ಪೂರ್ತಿ ಉತ್ತರ ಹೇಳಿ ಮುಗಿಸಿದಳು. ಸಭೆಯಲ್ಲಿ ಅವಳ ಮಾನ ಉಳಿಸಬೇಕಿತ್ತು. "ಹೌದು ತಮ್ಮಾ, ಬಾಯಲ್ಲಿ ಅನ್ನಲಿಲ್ಲ, ಮನಸ್ಸಿನಲ್ಲಿ ಅಂದೆ. ನಿನಗೆ ಅದೂ ಕೇಳಿಸಿತಲ್ಲ!" ಎಂದೆ. ಚಪ್ಪಾಳೆ ಬಿತ್ತು.

ಊಟದ ಪಂಕ್ತಿಯಲ್ಲಿ ಅವಳು ಪಕ್ಕದ ಎಲೆಗೆ ಕೂತಳು. ಮುಖ ಅರಳಿತ್ತು.

"ಅಕ್ಕಾ, ಇವತ್ತು ಎಷ್ಟು ಚಂದ ಕೂಡಿ ಬಂತು ನೋಡು. ಯಂಗೆ ಒಂಚೂರೂ ಹೆದ್ರಿಕೆ ಇಲ್ಲೆ."

"ಕಡೆಗೆ ಆನು ಎಂತ ಕೇಳಿದ್ದು, ಹೇಳು ನೋಡನ."

"ದ್ರೋಹಿ ಹೇಳಿ ಬೈದೆ ಅಲ್ದಾ?"

"ಬೈದಿದ್ದಲ್ಲ. ಚಿತೆಗೆ ಬೆಂಕಿ ಯಾರು ಇಡ್ತ ಹೇಳಿ ಕೇಳಿದ್ದು."

ಅವಳು ಎಲೆಯ ಅನ್ನ ಕಲಸಿದಳು. "ನಿನ್ನ ಮಾತು ಕೇಳ್ತಾ ಕೂತ್ರೆ ಬಾಯಿಪಾಠ ಮರ್ತು ಹೋಗ್ತು ಮಾರಾಯ್ತಿ. ಚಪ್ಪಾಳೆ ಬಿತ್ತು. ನಿಂಗೆ ಎಂತ ತ್ರಾಸು?"

ಬಡಿಸಲು ಬಂದವರು ನಕ್ಕರು. "ಅಣ್ಣ-ತಮ್ಮನ ಜಗಳ ಇನ್ನೂ ಮುಗಿದ್ದಿಲ್ಲೆ ಕಾಣ್ತು! ಇಬ್ಬರಿಗೂ ಪಾಯಸ ಬಿಡಿ."

ಮುಂದಿನ ಶನಿವಾರ ನಾನು ನೇರವಾಗಿಯೇ ಹೇಳಿದೆ: ಆ ಫೋನು ಬಿಡು, ಮೊದಲಿನ ಹಾಗೆ ಸೋಲು, ನಿನ್ನದೇ ಮಾತು ಹೇಳು. ಅವಳಿಗೆ ಸಿಟ್ಟು ಬಂತು.

"ನಿಂಗೆ ಶಾಲೆ ಇತ್ತು, ಪುಸ್ತಕ ಇತ್ತು. ಯಂಗೆ ಎಂತ ಇತ್ತು? ಈಗ ಒಂದು ಸಿಕ್ಕಿದ್ದು. ಅದನ್ನೂ ಕಸ್ಕಳಡ."

ಆ ಮಾತನ್ನು ಹೊತ್ತುಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ. ಗುಡಿಸುವಾಗ, ಒರೆಸುವಾಗ, ಜಪಕ್ಕೆ ಕೂತಾಗ ಅದಕ್ಕೆ ಉತ್ತರ ಹುಡುಕಿದೆ. ಮಕ್ಕಳ ಹೆದರಿಕೆ ಬಿಡಿಸುವುದೇ ಮೊದಲ ಪಾಠ ಎಂದು ನಂಬಿದ್ದವಳು ನಾನು. ಈಗ ತಂಗಿಗೆ ಹೆದರಿಕೆಯಿಲ್ಲ. ಹೆದರುತ್ತಿದ್ದಾಗ ಅವಳು ನನ್ನ ಒಂದೊಂದು ಮಾತಿಗೂ ಕಿವಿಗೊಡುತ್ತಿದ್ದಳು.

ಆಮೇಲೆ ಯಲ್ಲಾಪುರದಲ್ಲೇ ಒಂದು ಕಾರ್ಯಕ್ರಮ ಗೊತ್ತಾಯಿತು. ತಂಗಿ ವಾಟ್ಸಾಪಿನಲ್ಲಿ ಉದ್ದದ ಬರಹ ಕಳಿಸಿ, ಕೆಳಗೆ ಬರೆದಿದ್ದಳು: "ನಿನ್ನ ಪಾಲಿಂದೂ ಇದ್ರಲ್ಲೇ ಇದ್ದು. ಇನ್ನು ತಪ್ಪಾಗ್ತಿಲ್ಲೆ." ನಾನು ಕೇಳಬೇಕಾದ ಪ್ರಶ್ನೆಗಳೆಲ್ಲ ಸಾಲಾಗಿದ್ದವು. ಒಳ್ಳೆಯ ಪ್ರಶ್ನೆಗಳೇ. ಅದರಲ್ಲಿಲ್ಲದ್ದನ್ನು ಕೇಳಿದರೆ ಅವಳು ತನ್ನ ಊರಲ್ಲಿ, ತನ್ನ ಗಿರಾಕಿಗಳ ಎದುರು ಮೂಕಳಾಗಿ ಕೂರಬೇಕಾಗುತ್ತಿತ್ತು. ದಿನಾ ಬೆಳಿಗ್ಗೆ ಸ್ನಾನವಾದ ಕೂಡಲೇ ಕೂತು, ನಾನೂ ನನ್ನ ಪಾಲನ್ನು ಬಾಯಿಪಾಠ ಮಾಡಿದೆ.

ಯಲ್ಲಾಪುರದಲ್ಲಿ ಎಲ್ಲೂ ತಪ್ಪಾಗಲಿಲ್ಲ. ಭಾಗವತರು ಒಂದು ಪದವನ್ನೂ ಬಿಡದೆ ಹಾಡಿದರು. ತಂಗಿ ಕೈಯೆತ್ತಿ, ಕಣ್ಣರಳಿಸಿ ಮಾತಾಡಿದಳು. ಚೆನ್ನಾಗಿ ಹೇಳಿದಳೆಂದು ಜನ ಹೊಗಳಿದರು. ಏನು ಹೇಳಿದಳೋ ನನಗೆ ಗೊತ್ತಿಲ್ಲ. ಅವಳು ಮಾತಾಡುತ್ತಿದ್ದಷ್ಟು ಹೊತ್ತೂ ನಾನು ನನ್ನ ಮುಂದಿನ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.