ಬಿಸಿಲಿಗಿಟ್ಟ ಕೊಡ

ನಮ್ಮ ಮನೆಗೆ ಎರೆಯಲು ಬಂದಾಗಲೆಲ್ಲ ಹುಸೇನವ್ವ ಬಚ್ಚಲಿಗೆ ಹೋಗುವ ಮೊದಲು ಅಂಗಳದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಬಿಸಿಲು ನೋಡುತ್ತಿದ್ದಳು. ಸಂತೆಯಲ್ಲಿ ಜೋಳ ನೋಡುವವರ ಹಾಗೆ ನೋಡುತ್ತಿದ್ದಳು. “ಇವತ್ತ ಬಿಸಲ ಗಟ್ಟಿ ಐತಿ, ಎರಡ ಕುಳ್ಳ ಸಾಕು” ಎಂದು ಒಲೆಗೆ ಬೇಕಾದ ಬೆರಣಿಯ ಲೆಕ್ಕ ಹೇಳುವಳು. ಮೋಡವಿದ್ದರೆ ಮುಖ ಸಣ್ಣದು ಮಾಡಿಕೊಂಡು, “ನಾಕ ಸುಡಬೇಕಾತಲ್ಲೋ ತಮ್ಮಾ” ಅನ್ನುವಳು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಬಾಣಂತಿಯರಿಗೂ ಕೂಸುಗಳಿಗೂ ನೀರೆರೆಯುವುದು ಆಕೆಯ ಕೆಲಸ. ನಮ್ಮ ಗೋಡೆಗೆ ಹತ್ತಿದ ಮನೆ ಆಕೆಯದು. ನನಗೂ ಎರೆದವಳು ಆಕೆಯೇ. ಮುಂದೆ ನನ್ನ ಹೆಂಡತಿ ಮೊದಲ ಹೆಣ್ಣುಕೂಸು ಹಡೆದಾಗಲೂ ಹುಸೇನವ್ವನೇ ಬಂದಳು. ಹೆಂಡತಿಯ ತಾಯಿ ಪ್ಲೇಗಿನಲ್ಲಿ ತೀರಿಕೊಂಡಿದ್ದಳು, ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಆಯಿತು.

ಅದು ಕಡು ಬೇಸಿಗೆ. ಓಣಿಯ ಬಾವಿಯಲ್ಲಿ ನೀರು ತಳಕ್ಕಿಳಿದು, ಕೊನೆಯ ಮೆಟ್ಟಿಲಿನವರೆಗೆ ಹೋಗಿ ತಂಬಿಗೆಯಿಂದ ಗೋರಿ ಕೊಡ ತುಂಬಬೇಕಿತ್ತು. ಹುಸೇನವ್ವ ನಮ್ಮ ತಾಮ್ರದ ಕೊಡಕ್ಕೆ ಹೊರಗೆಲ್ಲ ಒಲೆಯ ಮಸಿ ಬಳಿದಳು. ನೀರು ತುಂಬಿ, ಬಾಯಿಗೆ ತಾಟು ಮುಚ್ಚಿ, ಬೆಳಿಗ್ಗೆಯೇ ಮಾಳಿಗೆಯ ಮೇಲೆ ಬಿಸಿಲಿಗಿಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಕೊಡ ಮುಟ್ಟಲಾಗುತ್ತಿರಲಿಲ್ಲ. ಆ ನೀರನ್ನು ಹಂಡೆಗೆ ಸುರಿದರೆ ಬಾಣಂತಿಗೆ ಬೇಕಾದಷ್ಟು ಕಾಯಲು ಎರಡೇ ಕುಳ್ಳು ಸಾಕು. ಕೂಸಿಗಂತೂ ಒಲೆಯೇ ಬೇಡ. ಮೊಣಕೈ ಅದ್ದಿ ನೋಡಿ, “ಹದ ಐತಿ, ತಾ” ಎಂದು ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಮೈಮೇಲಿಂದ ಇಳಿದ ನೀರು ಬುಟ್ಟಿಯಷ್ಟಗಲದ ಕಲ್ಲಿನ ದೋಣಿಗೆ ಬೀಳಬೇಕು. ಅದರಲ್ಲಿ ಕೂಸಿನ ಬಟ್ಟೆ ತೊಳೆಯಬೇಕು. ಒಲೆಯಲ್ಲಿ ಉಳಿದ ಕೆಂಡ ಬಾಣಂತಿಯ ಹೊರಸಿನ ಕೆಳಗೆ ಹೋಗಬೇಕು.

ಬಾಣಂತನಕ್ಕೆಂದು ಅಮೀನಗಡದಿಂದ ಬಂದಿದ್ದ ನನ್ನ ಸೋದರತ್ತೆಗೆ ಇದೊಂದೂ ಹಿಡಿಸಲಿಲ್ಲ. “ಬಿಸಲಿಗೆ ಕಾದ ನೀರಂದ್ರ ಹಳಸಿದ ನೀರು. ಇಕಿ ನೀರ ಉಳಸಾಕ ಬಂದಾಳೋ, ಕೂಸ ಉಳಸಾಕ ಬಂದಾಳೋ?” ಅಂದಳು.

“ಎರಡೂ ಉಳಸಾಕ ಬಂದೇನ್ರಿ ಅಕ್ಕಾರ,” ಅಂದಳು ಹುಸೇನವ್ವ. “ಒಮ್ಮಿ ಬಾವ್ಯಾಗ ಇಳದ ನೋಡ್ರಿ, ತಿಳೀತೈತಿ.”

ಒಂದು ದಿನ ಕೂಸು ಬೆಳಗಿನಿಂದ ಸೀನುತ್ತಿತ್ತು. “ನೋಡಿದ್ಯೇನೋ? ಹಳಸಿದ ನೀರಿನ ಗುಣ!” ಎಂದು ಅತ್ತೆ ನನ್ನ ಮೇಲೆ ಬಂದಳು. ನನಗೂ ಹೆದರಿಕೆಯಾಯಿತು. ಮಾಳಿಗೆ ಹತ್ತಿ ಕೊಡದ ನೀರೆಲ್ಲ ಚೆಲ್ಲಿಬಿಟ್ಟೆ. ಹುಸೇನವ್ವ ಬರುವುದರೊಳಗೆ ಹೊಸ ನೀರು ತರುತ್ತೇನೆ ಎಂದು ಹೇಳಿದ್ದೆ. ಅಷ್ಟರಲ್ಲಿ ನಮ್ಮ ಮಗ್ಗದ ಸೀರೆ ನೋಡಲು ವ್ಯಾಪಾರಿ ಬಂದ. ಅವನ ಮಾತಿನಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ.

ಹುಸೇನವ್ವ ಬಂದು ಖಾಲಿ ಕೊಡ ನೋಡಿದಳಂತೆ. “ನಮ್ಮ ಅಳಿಯ ಚೆಲ್ಲಿದ” ಎಂದು ಅತ್ತೆ ಹೇಳಿದಳಂತೆ. ಹುಸೇನವ್ವ ಕೊಡ ಸೊಂಟಕ್ಕೇರಿಸಿ, ಆ ವಯಸ್ಸಿನಲ್ಲಿ, ಉರಿಬಿಸಿಲಿನಲ್ಲಿ ಬಾವಿಗೆ ಹೋದಳು. ಮೇಲೆ ಹತ್ತುವಾಗ ಕಾಲು ಜಾರಿತು. ಆಕೆಯನ್ನು ಹೊರಸಿನ ಮೇಲೆ ಹೊತ್ತು ತಂದರು. ಸೊಂಟ ಮುರಿದಿತ್ತು. ಕೊಡದ ಹೊಟ್ಟೆ ನೆಗ್ಗಿತ್ತು.

ಕೇಳಿದವರಿಗೆಲ್ಲ ಆಕೆ ಹೇಳಿದ್ದು ಒಂದೇ: “ನನ್ನ ಕಾಲ ಜಾರಿತ್ರೆಪಾ.” ನೀರು ಚೆಲ್ಲಿದವನ ಹೆಸರು ಆಕೆಯ ಬಾಯಿಂದ ಬರಲಿಲ್ಲ.

ಮರುದಿನ ಹೋಗಿ ಹೊರಸಿನ ಪಕ್ಕ ಕುಳಿತೆ. “ಯವ್ವಾ, ನೀರ ಚೆಲ್ಲಿದಾಂವ ನಾನು,” ಅಂದೆ.

“ಗೊತ್ತೈತಿ ಬಿಡೋ. ಕೂಸಿಗೆ ಎರದ್ರಿಲ್ಲೊ?”

“ಅತ್ತಿ ಕೈ ನಡಗತಾವ. ನಾನ ಎರದೆ.”

“ಎಷ್ಟ ನೀರು?”

“ಒಂದ ಕೊಡ.”

“ಅಯ್ಯ ನನ್ನಪ್ಪಾ! ಕೂಸಿಗೆ ಎರದ್ಯೋ, ಎಮ್ಮಿ ಮೈ ತೊಳದ್ಯೋ?” ಎಂದು ನಕ್ಕಳು. ನಕ್ಕಿದ್ದಕ್ಕೆ ನೋವು ಎದ್ದು ಹಲ್ಲು ಕಚ್ಚಿದಳು. ಆಮೇಲೆ ತನ್ನ ದಿಂಬನ್ನೇ ಎಳೆದು ನನ್ನ ಕಾಲ ಮೇಲಿಟ್ಟಳು. “ಇದ ಕೂಸಂತ ತಿಳಿ. ಕುತಗಿ ಕೆಳಗ ಕೈ ಕೊಡು. ಕೈಯಾಡಿಸಿಗೋತ ಸುರುವು. ನೀರು ಕೈ ಹಿಂದ ಬರಬೇಕು. ಮೂರ ತಂಬಿಗಿ ಭಾಳ ಆತು.”

ಮೂರು ತಂಬಿಗೆ ಸಾಕಾಗುವಂತೆ ಎರೆಯಲು ನನಗೆ ಎಂಟು ದಿನ ಬೇಕಾಯಿತು. ಎಂಟನೆಯ ದಿನ ಓಡಿಹೋಗಿ ಹೇಳಿದೆ. ಆಕೆಗೆ ಜ್ವರ ಏರಿತ್ತು. ಕಣ್ಣು ಬಿಡದೆ, “ಕಿವ್ಯಾಗ ನೀರ ಹೋಗಲಿಲ್ಲಲ್ಲ?” ಎಂದು ಮಾತ್ರ ಕೇಳಿದಳು. “ಇಲ್ಲ ಬೇ,” ಅಂದೆ. ನಮ್ಮಿಬ್ಬರ ನಡುವೆ ಅದೇ ಕಡೆಯ ಮಾತಾಯಿತು.

ಎರಡು ದಿನದ ಮೇಲೆ ಮಧ್ಯಾಹ್ನ ಗೋಡೆಯಾಚೆ ಅಳುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ, ಮಯ್ಯತ್ತಿಗೆ, ತೀರಿಹೋದ ಆಕೆಯ ಮೈಗೆ, ಎರೆಯಲು ಬೆಚ್ಚಗಿನ ನೀರು ಬೇಕೆಂದು ಯಾರೋ ಕೂಗಿದರು. ಅವರ ಮನೆಯಲ್ಲಿ ಒಲೆ ಹೊತ್ತಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಾನು ಮಾಳಿಗೆ ಹತ್ತಿದೆ. ಕೂಸಿಗೆಂದು ಬೆಳಿಗ್ಗೆ ಇಟ್ಟ ಕೊಡ ಬಿಸಿಲಿನಲ್ಲಿತ್ತು. ಬಟ್ಟೆ ಸುತ್ತಿ ಹಿಡಿದು ಇಳಿಸಿ, ಹೆಗಲ ಮೇಲಿಟ್ಟುಕೊಂಡು ಅವರ ಬಾಗಿಲಿಗೆ ಹೋದೆ.

ಬಾಗಿಲಲ್ಲಿ ಆಕೆಯ ಮಗ ನಿಂತಿದ್ದ. ಕೊಡ ಅವನ ಮುಂದೆ ಇಳಿಸಿದೆ. “ಬಿಸಲಿನ ನೀರು. ಒಲಿ ಮ್ಯಾಲ ಇಟ್ಟಿಲ್ಲ,” ಅಂದೆ. ತೆಗೆದುಕೊಳ್ಳುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಅವನು ತಾಟು ಸರಿಸಿ, ಅವನವ್ವನ ಹಾಗೆಯೇ ಬಾಗಿ, ಒಂದಿಷ್ಟು ನೀರು ಮೊಣಕೈ ಮೇಲೆ ಸುರಿದು ನೋಡಿದ.

“ಹದ ಐತಿ, ತಾ,” ಅಂದ.

ಎತ್ತಿ ಕೊಟ್ಟೆ. ನೆಗ್ಗಿದ ಕೊಡ ಆಕೆಯ ಬಚ್ಚಲಿಗೆ ಹೋಯಿತು. ನಾನು ಹೊರಗೆ ಬಿಸಿಲಿನಲ್ಲೇ ನಿಂತೆ.